ಕಾಡಿಗೆ ಗಿಡಕ್ಕೆ ಕಾಫಿ ಕೊಟ್ಟ ಗುರುಮಲ್ಲ

ಅವರೆಕಾಳು ಹಿತುಕೋ ಕೈ ಹಿತುಕ್ತಾನೇ ಇರ್ಲಿ, ಕಿವಿ ಮಾತ್ರ ಇತ್ಲಾಗೆ ಕೊಡಿ. ಕತೆ ಕೇಳ್ತಾ ಕೇಳ್ತಾ ನಿಮ್ಮ ಕೈ ನಿಂತ್ರೆ ನನ್ನ ಬಾಯೂ ನಿಂತುಬಿಡುತ್ತೆ, ಆಮೇಲೆ ಕೇಳಬೇಡಿ. ಏಯ್, ಅಲ್ಲಿ ಮೂಲೇಲಿ ಕಿಸಕ್ಕನೆ ನಕ್ಕೋರು ಯಾರು? ಇನ್ನೂ ಕತೇನೇ ಶುರುವಾಗಿಲ್ಲ, ನಗು ಮಡಗಿಕೊಂಡಿರಿ, ಬೇಕಾಗುತ್ತೆ.

ಒಂದೂರು. ಆ ಊರಲ್ಲೊಂದು ವಠಾರ. ವಠಾರದ ಕೊನೇ ಮನೇಲಿ ಹೂ ಕಟ್ಟಿ ಮಾರೋ ದೇವೀರಮ್ಮ. ಅವಳಿಗೊಬ್ಬನೇ ಮಗ, ಗುರುಮಲ್ಲ. ಆಳು ನೋಡಿದ್ರೆ ಬಾಗಿಲು ತುಂಬೋ ಹಂಗಿದ್ದ. ಕೆಟ್ಟೋನಲ್ಲ, ಕಳ್ಳನಲ್ಲ, ಸೋಮಾರಿ ಅಂತೂ ಮೊದ್ಲೇ ಅಲ್ಲ. ಆದ್ರೆ ಒಂದೇ ಒಂದು ಕೇಡು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಒಂದು ಕೂದಲೆಳೆ ಆಚೆಗಿಲ್ಲ, ಈಚೆಗಿಲ್ಲ.

ಅಕ್ಕಿ ಗಿರಣೀಲಿ ಮೂಟೆ ಹೊರೋ ಕೆಲಸ ಅವನಿಗೆ. ಒಂದಿನ ಮೇಸ್ತ್ರಿ "ಆ ಮೂಟೆ ಹೊತ್ಕೊಳ್ಳೋ" ಅಂದ. ಹೊತ್ಕೊಂಡ. ಮೇಸ್ತ್ರಿ ಟೀ ಕುಡಿದ, ಬೀಡಿ ಸೇದ್ದ, ಮನೆಗೆ ಹೋಗಿ ಉಂಡು ಬಂದ. ಬಂದು ನೋಡಿದ್ರೆ ನಮ್ಮ ಗುರುಮಲ್ಲ ಮೂಟೆ ಹೊತ್ಕೊಂಡು ಅಲ್ಲೇ ನಿಂತಿದಾನೆ!

"ಯಾಕೋ ಇನ್ನೂ ಇಳಿಸಿಲ್ಲ?"

"ನೀವು ಇಳಿಸು ಅನ್ನಲಿಲ್ಲವಲ್ಲ!"

ಇಂಥೋನಿಗೆ ಹೆಣ್ಣು ಕೊಡೋರು ಯಾರು? ದೇವೀರಮ್ಮ ಊರೂರು ಅಲೆದ್ಲು. ಒಂದು ಕಡೆ ಹೆಣ್ಣು ನೋಡೋಕೆ ಹೋಗೋವಾಗ "ಮಗ, ಮರ್ಯಾದೆಯಾಗಿ ತಲೆ ತಗ್ಗಿಸ್ಕೊಂಡಿರು" ಅಂದ್ಲು. ತಗ್ಗಿಸಿದ. ಹೆಣ್ಣನ್ನೂ ನೋಡಲಿಲ್ಲ, ಹೆಣ್ಣಿನಪ್ಪನ್ನೂ ನೋಡಲಿಲ್ಲ. ವಾಪಸ್ ಬರೋವಾಗ್ಲೂ ತಲೆ ಎತ್ತದೆ ಬೇರೆ ಯಾವುದೋ ಊರಿನ ಬಸ್ಸು ಹತ್ತಿಬಿಟ್ಟ! ಅವನನ್ನ ಹುಡುಕಿ ತರೋ ಹೊತ್ತಿಗೆ ದೇವೀರಮ್ಮಂಗೆ ಸಾಕುಬೇಕಾಯ್ತು.

"ನಾನು ಕಣ್ಮುಚ್ಚಿದ್ರೆ ಇವನ ಗತಿ ಏನು? 'ಉಣ್ಣೋ' ಅಂತ ಹೇಳೋರೊಬ್ಬರು ಬೇಕಲ್ಲ! ಹೇಳ್ದಿದ್ರೆ ಉಣ್ಣೋದೂ ಇಲ್ವಲ್ಲ ಈ ಮಂಕು!" ಅಂತ ಅವಳು ದಿನಾ ಹೂ ಕಟ್ತಾ ಕಟ್ತಾ ಅಳೋಳು.

ಹಿಂಗಿರೋವಾಗ ಒಂದು ಸಂಬಂಧ ಗೊತ್ತಾಯ್ತು. ಊರಾಚೆ ಕೆರೆ ಏರಿ ಕೆಳಗೆ ಚಿಕ್ಕಬಸಯ್ಯ ಅನ್ನೋರ ನರ್ಸರಿ. ಕುಂಡದ ಗಿಡ ಮಾರೋರು. ಅವರ ಮನೇಲಿ ಅಮ್ಮಣ್ಣಿ ಅಂತ ಹುಡುಗಿ, ಅವರ ತಂಗಿ ಮಗಳು. ಅಪ್ಪ ಅಮ್ಮ ಇಲ್ಲ, ಸೋದರಮಾವನ ಮನೇಲೇ ಬೆಳೆದೋಳು. ಕೆಲಸದಲ್ಲಿ ಚುರುಕು, ಮಾತಲ್ಲಿ ಇನ್ನೂ ಚುರುಕು. ಬಣ್ಣ ಮಾತ್ರ ಕಪ್ಪು. ಒಳ್ಳೇ ಮಿರಮಿರ ಮಿಂಚೋ ಕಪ್ಪು. ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದ್ರು, ಕೇಸರಿಬಾತು ತಿಂದ್ರು, ಬಾಯಿ ಒರೆಸ್ಕೊಂಡು "ಹುಡುಗಿ ಬಣ್ಣ ಒಂಚೂರು ಕಮ್ಮಿ ಆಯ್ತು" ಅಂತ ಹೇಳಿ ಹೋದ್ರು. ತಿನ್ನೋವಾಗ ಇವರ ನಾಲಗೆಗೆ ಬಣ್ಣ ಕಾಣಲಿಲ್ಲ ನೋಡಿ, ಇವರ ಮನೆ ಹಾಳಾಗ!

ದೇವೀರಮ್ಮ ಮಗನ್ನ ಕರ್ಕೊಂಡು ಹೋದ್ಲು. ಚಿಕ್ಕಬಸಯ್ಯ ಒಪ್ಪೋಕೆ ತಯಾರಾಗೇ ಕೂತಿದ್ರು. ಆದ್ರೆ ಅಮ್ಮಣ್ಣಿ ತಟ್ಟೆ ಹಿಡ್ಕೊಂಡು ಬರಲಿಲ್ಲ, ಒಂದು ಕುಂಡ ಹಿಡ್ಕೊಂಡು ಬಂದ್ಲು. ಕುಂಡದಲ್ಲೊಂದು ಗಿಡ. ಅದರ ಎಲೆ ಎಲ್ಲ ಕಪ್ಪೋ ಕಪ್ಪು, ಎಣ್ಣೆ ಸವರಿದಂಗೆ ಹೊಳೀತಿದ್ವು. ಅದಕ್ಕೇನೋ ಇಂಗ್ಲಿಷ್ ಹೆಸರಿದೆಯಂತೆ, ನನ್ನ ನಾಲಗೆಗೆ ಬರಲ್ಲ. ಅಮ್ಮಣ್ಣಿ ಅದನ್ನ ಕಾಡಿಗೆ ಗಿಡ ಅಂತಿದ್ಲು.

"ನೋಡಿ ಅಮ್ಮ, ತಿಂದು ಹೋಗೋರನ್ನ ನಾನು ಬೇಕಾದಷ್ಟು ನೋಡಿದೀನಿ. ನೋಡ್ಕೊಳ್ಳೋರು ಬೇಕು ನಂಗೆ. ಈ ಗಿಡ ನಾನೇ ಸಾಕಿದ್ದು. ಮನೆ ಒಳಗೇ ಇಟ್ಕೊಂಡು ನಿಮ್ಮ ಮಗ ಸಾಕ್ಲಿ. ಇದು ಒಂದೇ ಒಂದು ಹೊಸ ಎಲೆ ಬಿಟ್ಟರೆ ನಾನು ಆ ಮನೆ ಸೊಸೆ. ಗಿಡ ಸತ್ತರೆ ಮಾತೂ ಸತ್ತಂಗೆ" ಅಂದ್ಲು.

ಗುರುಮಲ್ಲ ಕುಂಡ ಎದೆಗವಚಿಕೊಂಡ. ಅವನ ಕಣ್ಣು ಗಿಡದ ಮೇಲಿತ್ತೋ ಹುಡುಗಿ ಮೇಲಿತ್ತೋ, ನಾನು ನೋಡಿಲ್ಲ, ಸುಳ್ಳು ಹೇಳಲ್ಲ.

ಮನೆಗೆ ಬಂದ್ರು. ದೇವೀರಮ್ಮ ಹೂ ಬುಟ್ಟಿ ತಲೆ ಮೇಲಿಟ್ಕೊಂಡು, "ಲೋ ಮಲ್ಲ, ಬಿಸಿಲು ತಾಗಬಾರದಂತೆ, ಗಿಡಾನ ಒಳಗಿಡು" ಅಂತ ಹೇಳಿ ಹೋದ್ಲು. ತಿರುಗಿ ಬಂದು ನೋಡ್ತಾಳೆ, ಗಿಡ ಇಲ್ಲ!

"ಗಿಡ ಎಲ್ಲೋ?"

"ಒಳಗೆ!"

"ಯಾವುದರ ಒಳಗೆ?"

"ರಾಗಿ ಡ್ರಮ್ಮಿನ ಒಳಗೆ! ಮುಚ್ಚಳ ಹಾಕಿದೀನಿ. ಮುಚ್ಚಳದ ಮೇಲೆ ರುಬ್ಬೋ ಗುಂಡು ಇಟ್ಟಿದೀನಿ. ಸೂರ್ಯನ ಅಪ್ಪ ಬಂದ್ರೂ ಒಳಗೆ ಬರಕ್ಕಾಗಲ್ಲ!"

ದೇವೀರಮ್ಮ ಓಡಿ ಹೋಗಿ ಗುಂಡು ಉರುಳಿಸಿ, ಗಿಡ ಈಚೆಗೆ ತೆಗೆದು, ಎಲೆ ಮೇಲಿನ ರಾಗಿ ಕೊಡವಿ, ತಲೆ ಚಚ್ಕೊಂಡ್ಲು.

"ಹಂಗಲ್ಲ ಕಣೋ ಮಂಕೆ! ಬಿಸಿಲು ಬೇಡ, ಬೆಳಕು ಬೇಕು! ಬಂದ ನೆಂಟರನ್ನ ಡ್ರಮ್ಮಲ್ಲಿ ಕೂಡಿ ಹಾಕ್ತಾರಾ? ಗಿಡಾನ ನೆಂಟರ ಥರ ನೋಡ್ಕೋಬೇಕು. ಕಿಟಕಿ ಪಕ್ಕ ಕೂರಿಸಿ, ಕೇಳೋಕೆ ಮುಂಚೆ ಕೊಡ್ಬೇಕು, ಬೇಡ ಅಂದ್ರೂ ಬಲವಂತ ಮಾಡ್ಬೇಕು!"

"ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ದೇವೀರಮ್ಮ ಹೂ ಮಾರೋಕೆ ಹೋದ್ಲು. ಗುರುಮಲ್ಲ ಕಿಟಕಿ ಪಕ್ಕ ಚಾಪೆ ಹಾಸಿದ, ಗಿಡಾನ ಕೂರಿಸಿದ, ಎದುರಿಗೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತ. ಒಂದು ಚೆಂಬು ನೀರು ಹುಯ್ದ.

"ಇನ್ನೊಂಚೂರು?"

ಗಿಡ ಸುಮ್ನಿತ್ತು.

"ಸಂಕೋಚ ಪಡಬೇಡಿ, ನಿಮ್ಮನೆ ಅಂತ ತಿಳ್ಕೊಳ್ಳಿ!" ಇನ್ನೊಂದು ಚೆಂಬು.

"ಬೇಡ ಅನ್ನಬೇಡಿ! ನಮ್ಮವ್ವ ಬೈತಾಳೆ!" ಮತ್ತೊಂದು ಚೆಂಬು.

"ಇಷ್ಟೇನಾ ನೀವು ಕುಡಿಯೋದು? ನಮ್ಮನೆ ನೀರು ರುಚಿಯಾಗಿಲ್ವಾ?" ಒಂದು ಬಿಂದಿಗೆ!

"ನನ್ನ ಮೇಲೆ ಆಣೆ!" ಒಂದು ಕೊಳದಪ್ಪಲೆ!

ಕುಂಡ ತುಂಬ್ತು, ಚಾಪೆ ತುಂಬ್ತು, ನಡುಮನೆ ತುಂಬ್ತು. ನೀರು ಹೊಸಲು ದಾಟಿ ಪಕ್ಕದ ಮನೆಗೆ ನುಗ್ತು. ಅಲ್ಲಿ ಮಧ್ಯಾಹ್ನದ ನಿದ್ದೆ ಹೊಡೀತಿದ್ದ ಮುದುಕಿ ಚಾಪೆ ಸಮೇತ ತೇಲಿ ಅಡಿಗೆಮನೇಲಿ ಎದ್ಲು. ದೇವೀರಮ್ಮ ಬೀದಿ ಕೊನೇಲಿರೋವಾಗ್ಲೇ ವಠಾರದ ಜನ ಎಲ್ಲ ಕೂಗಿ ಕೂಗಿ ಸುದ್ದಿ ಮುಟ್ಟಿಸಿದ್ರು.

"ಏನೋ ಮಾಡ್ದೆ, ಮನೆಹಾಳ?"

"ಬಲವಂತ ಮಾಡ್ದೆ ಕಣವ್ವ! ಎಷ್ಟು ಕೊಟ್ರೂ ಸಾಕು ಅನ್ನಲಿಲ್ಲ, ನಾಚಿಕೆ ಬುರುಡೆ ಇದು!"

"ಹಂಗಲ್ಲ ಕಣೋ ಮಂಕೆ! ಇಷ್ಟು ನೀರು ಹಾಕಿದ್ರೆ ಬೇರು ಕೊಳ್ತೋಗುತ್ತೆ! ನೀರು ಕೊಡೋಕೆ ಮುಂಚೆ ಒಳಗೆ ಬೆರಳಿಟ್ಟು ನೋಡ್ಬೇಕು. ಬೆರಳಿಗೆ ತೇವ ಹತ್ತಿದ್ರೆ ಒಂದು ತೊಟ್ಟೂ ಕೊಡಬಾರದು. ಒಣಗಿದ್ರೆ ಮಾತ್ರ ಕೊಡ್ಬೇಕು, ತಿಳೀತಾ?"

"ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಆ ವಾರದಲ್ಲೇ ಚಿಕ್ಕಬಸಯ್ಯ ಬಂದ್ರು. "ಮಾವ, ನನ್ನ ಗಿಡ ಹೆಂಗಿದೆ ನೋಡ್ಕೊಂಡು ಬನ್ನಿ" ಅಂತ ಅಮ್ಮಣ್ಣಿ ಕಳಿಸಿದ್ಲು. ಸುಡೋ ಬಿಸಿಲಲ್ಲಿ ನಡ್ಕೊಂಡು ಬಂದು, ಉಸ್ಸಪ್ಪಾ ಅಂತ ಬಾಗಿಲಲ್ಲಿ ಕೂತ್ರು. ದೇವೀರಮ್ಮ ಮನೇಲಿರಲಿಲ್ಲ.

"ಮಲ್ಲಪ್ಪ, ಬಾಯೆಲ್ಲ ಆರ್ತಾ ಇದೆ, ಒಂದು ಚೆಂಬು ನೀರು ಕೊಡಪ್ಪ."

ಗುರುಮಲ್ಲ ಚೆಂಬು ತಂದ. ಕೊಡೋಕೆ ಮುಂಚೆ ಬುದ್ಧಿ ನೆನಪಾಯ್ತು.

"ಆ ಅನ್ನಿ ಮಾವ."

ಪಾಪ, ಭಾವಿ ಅಳಿಯ ಅಕ್ಕರೆಯಿಂದ ಬಾಯಿಗೇ ಹುಯ್ತಾನೇನೋ ಅಂತ ಅವರು ಕತ್ತೆತ್ತಿ "ಆ" ಅಂದ್ರು. ಇವನು ತೋರುಬೆರಳನ್ನ ಬುಡದವರೆಗೂ ಗಂಟಲಿಗೆ ಇಳಿಸಿದ!

"ಅಯ್ಯೋ, ಒಳಗೆಲ್ಲ ತೇವ ಇದೆ ಮಾವ! ಒಂದು ತೊಟ್ಟೂ ಕೊಡಲ್ಲ! ಈಗ ಕೊಟ್ರೆ ನಿಮ್ಮ ಬೇರು ಕೊಳ್ತೋಗುತ್ತೆ!"

ಚಿಕ್ಕಬಸಯ್ಯ ಕೆಮ್ಮಿದ್ರು, ಕಕ್ಕಿದ್ರು, ಬೆರಳು ಕಚ್ಚಿದ್ರು. ಗುರುಮಲ್ಲ ಕಿರುಚಿದ. ಅಷ್ಟೊತ್ತಿಗೆ ದೇವೀರಮ್ಮ ಬಂದ್ಲು. ಬುಟ್ಟಿ ಬಿಸಾಕಿ, ಕೈ ಮುಗಿದು, ಕಾಲು ಹಿಡಿದು, ಮಜ್ಜಿಗೆ ಕೊಟ್ಟು, ಮೇಲೆ ಕಾಫಿ ಕೊಟ್ಟು ಸಮಾಧಾನ ಮಾಡಿದ್ಲು.

"ಗಿಡ ಬದುಕಿದೆ ಅಂತ ಹೇಳ್ತೀನಿ ದೇವೀರಮ್ಮೋರೆ. ನಾನು ಬದುಕಿದ್ದು ಮಾತ್ರ ನನ್ನ ಪುಣ್ಯ" ಅಂತ ಗಂಟಲು ಸವರ್ಕೊಂಡು ಅವರು ಎದ್ದು ಹೋದ್ರು.

"ಹಂಗಲ್ಲ ಕಣೋ ಮಂಕೆ! ಮುಖ ಬಾಡಿಸ್ಕೊಂಡು ಬಂದೋರಿಗೆ ಬೆರಳು ಹಾಕ್ತಾರೇನೋ? ಬಾಡಿದ ಮುಖ ಕಂಡ್ರೆ ಘಮಘಮ ಅನ್ನೋ ಕಾಫಿ ಕೊಟ್ಟು, ಬೀಸಣಿಗೇಲಿ ಗಾಳಿ ಹಾಕ್ಬೇಕು!"

"ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಈಗ ನೋಡಿ, ಆವತ್ತು ಬಿಂದಿಗೆಗಟ್ಟಲೆ ನೀರು ಕುಡಿದಿತ್ತಲ್ಲ ಗಿಡ, ಅದು ಹೊಟ್ಟೆ ಕೆಟ್ಟೋರ ಥರ ಮೆಲ್ಲಗೆ ಬಾಡೋಕೆ ಶುರುವಾಯ್ತು. ಎಲೆ ಜೋತುಬಿದ್ವು. ಗುರುಮಲ್ಲ ಬೆಳಿಗ್ಗೆ ಎದ್ದು ನೋಡ್ತಾನೆ, ಅದರ ಮುಖ ಬಾಡಿದೆ!

ಒಲೆ ಹಚ್ಚಿದ. ಪಾತ್ರೆ ಇಟ್ಟ. ಗಟ್ಟಿ ಡಿಕಾಕ್ಷನ್ನು, ಗಟ್ಟಿ ಹಾಲು.

"ಸಕ್ಕರೆ ಎಷ್ಟು ಹಾಕ್ಲಿ?"

ಗಿಡ ಸುಮ್ನಿತ್ತು. ನಾಚಿಕೆ ಬುರುಡೆ ಅಂತ ಅವನಿಗೆ ಮೊದ್ಲೇ ಗೊತ್ತಿತ್ತಲ್ಲ, ಡಬ್ಬಿ ಬಗ್ಗಿಸಿಬಿಟ್ಟ. ಆದ್ರೂ ಒಂದು ಮಾತು ಹೇಳ್ಬೇಕು, ಹುಡುಗ ಕರುಣೆ ಇರೋನು. ಬಾಯಿ ಸುಟ್ಟೀತು ಅಂತ ಲೋಟದಿಂದ ಲೋಟಕ್ಕೆ ಎತ್ತೆತ್ತಿ ಹುಯ್ದು, ತಣ್ಣಗೆ ಮಾಡಿ, ಆಮೇಲೆ ಬುಡಕ್ಕೆ ಹಾಕ್ದ. ಬೀಸಣಿಗೆ ತಗೊಂಡು ಗಾಳಿ ಹಾಕ್ತಾ ಕೂತ. "ಸ್ಟ್ರಾಂಗಾಗಿದೆಯಾ? ಈಗ ಹೆಂಗಿದೆ ಮೈಯಿ?" ಅಂತ ವಿಚಾರಿಸ್ಕೊಂಡ.

ದೇವೀರಮ್ಮ ಬಂದು ನೋಡಿದ್ರೆ, ವಠಾರದ ಇರುವೆ ಎಲ್ಲ ಸಾಲುಗಟ್ಟಿ ಹೊಸಲು ದಾಟಿ ಬರ್ತಾ ಇದೆ, ಮದುವೆ ಮನೆಗೆ ಬೀಗರು ಬಂದಂಗೆ! ಗುರುಮಲ್ಲ ಅವಕ್ಕೂ ಗಾಳಿ ಹಾಕ್ತಾ ಕೂತಿದಾನೆ!

"ಗಿಡಕ್ಕೆ ಕಾಫಿ ಕೊಟ್ಟೆಯೇನೋ!"

"ನೀನೇ ಹೇಳಿದ್ಯಲ್ಲವ್ವ!"

ದೇವೀರಮ್ಮ ಬುಟ್ಟಿ ಇಳಿಸಿದ್ಲು. ಕುಂಡದಿಂದ ಗಿಡ ಎತ್ತಿದ್ಲು, ಬೇರು ತೊಳೆದ್ಲು, ಹೊಸಾ ಮಣ್ಣು ತುಂಬಿದ್ಲು. ಕೊಳೆತ ಬೇರು ಕತ್ತರಿಸಿ ಹಾಕೋವಾಗ ಅವಳ ಕಣ್ಣೀರು ಮಣ್ಣಿಗೆ ಬಿತ್ತು. "ಇದೊಂದು ಸತ್ರೆ ನಿನ್ನ ಬಾಳೂ ಹೋಯ್ತು ಕಣೋ ಮಗನೆ. ಇನ್ನು ಯಾವ ಮನೆ ಬಾಗಿಲಿಗೆ ಅಂತ ಹೋಗ್ಲಿ ನಾನು?" ಅಂದ್ಲು. ಗುರುಮಲ್ಲನೂ ಅತ್ತ. ಅಳು ಅಂತ ಯಾರೂ ಹೇಳಿರಲಿಲ್ಲ, ಆದ್ರೂ ಅತ್ತ.

ಅತ್ತು ಮುಗಿಸಿ ದೇವೀರಮ್ಮ ಒಲೆ ಕಡೆ ನೋಡಿದ್ಲು. ಕಾಫಿ ಪಾತ್ರೆ ತಳ ಸೀದು ಇದ್ದಿಲಾಗಿತ್ತು. ತಿರುಗಿ ರೇಗಿಹೋಯ್ತು.

"ಇನ್ಮೇಲೆ ಒಲೆ ಹತ್ರ ಬಂದ್ರೆ ಕಾಲು ಮುರೀತೀನಿ! ನೋಡು ಎಲ್ಲ ಹೆಂಗೆ ಕಪ್ಪಾಗಿದೆ! ಮನೇಲಿ ಎಲ್ಲೆಲ್ಲಿ ಕಪ್ಪು ಕಾಣುತ್ತೋ, ಬೂದಿ ಹಾಕಿ, ತೆಂಗಿನ ನಾರು ತಗೊಂಡು, ಕಪ್ಪು ಹೋಗೋ ತನಕ ಉಜ್ಜು!"

"ಸರಿ ಕಣವ್ವ, ಹಂಗೇ ಮಾಡ್ತೀನಿ."

ಉಜ್ಜಿದ. ಪಾತ್ರೆ ಉಜ್ಜಿದ, ಕಾವಲಿ ಉಜ್ಜಿದ, ಒಲೆ ಮೇಲಿನ ಗೋಡೆ ಉಜ್ಜಿದ. ಅವ್ವನ ಕಪ್ಪು ಕೊಡೆ ಉಜ್ಜಿ ತೂತು ಮಾಡ್ದ. ವಠಾರದ ಕರೀ ಬೆಕ್ಕು ಅಡ್ಡ ಬಂತು, ಅದನ್ನೂ ಹಿಡ್ಕೊಂಡು ಎರಡು ಸಲ ಉಜ್ಜಿದ, ಮೂಗು ಪರಚಿ ಓಡ್ತು. ಇನ್ನೇನು ಎಲ್ಲ ಆಯ್ತಲ್ಲ ಅಂತ ಸೊಂಟ ನೆಟ್ಟಗೆ ಮಾಡ್ತಾನೆ, ಕಿಟಕಿ ಪಕ್ಕ ಕಪ್ಪಗೆ ಕೂತಿದೆ, ಯಾರು?

ಹಾಂ! ಕಾಡಿಗೆ ಗಿಡ!

ಒಂದು ಕೈಲಿ ಬೂದಿ, ಒಂದು ಕೈಲಿ ನಾರು. "ಎಷ್ಟು ದಿನದ ಕೊಳೆನೋ ಪಾಪ" ಅಂತ ಒಂದು ಎಲೆ ಹಿಡ್ಕೊಂಡ. ಅಷ್ಟರಲ್ಲಿ ದೇವೀರಮ್ಮ ಬಾಗಿಲಿಂದ ಹಾರಿ ಬಂದು ಅವನ ಕೈ ಹಿಡಿದ್ಲು. ಅಬ್ಬಾ, ಆವತ್ತು ಅವಳು ಓಡಿದ ಓಟ ಅವಳ ವಯಸ್ಸಿನೋರು ಯಾರೂ ಓಡಿರೋದಿಲ್ಲ!

"ಹಂಗಲ್ಲ ಕಣೋ ಮಂಕೆ! ಇದು ಕೊಳೆ ಅಲ್ಲ, ಇದರ ಬಣ್ಣವೇ ಇದು! ಕಪ್ಪಗಿದ್ರೇನೇ ಇದು ಚೆಂದ, ಕಪ್ಪಗಿದ್ರೇನೇ ಇದಕ್ಕೆ ಆರೋಗ್ಯ! ಇಲ್ನೋಡು, ನಿನ್ನ ಕಾಫಿ ಕುಡಿದು ಈ ಬುಡದ ಎಲೆ ಹೆಂಗೆ ಬಿಳಿಚಿಕೊಂಡಿದೆ. ಹಿಂಗೆ ಬಣ್ಣ ಬಿಟ್ಟು ಬಿಳಿಚ್ಕೊಂಡ್ರೆ ಕಾಯಿಲೆ ಅಂತ ಅರ್ಥ. ಅಂಥದ್ದು ಕಂಡ ತಕ್ಷಣ ಕಿತ್ತು ಬಿಸಾಕಬೇಕು!" ಅಂತ ಆ ಎಲೆ ಚಿವುಟಿ ತೋರಿಸಿದ್ಲು.

"ಕಪ್ಪಗಿದ್ರೆ ಚೆಂದ. ಬಿಳಿಚ್ಕೊಂಡ್ರೆ ಕಾಯಿಲೆ. ಸರಿ ಕಣವ್ವ!"

ಆಮೇಲೆ ಕೆಲವು ದಿನ ಎಲ್ಲ ಚೆನ್ನಾಗೇ ಇತ್ತು. ಗುರುಮಲ್ಲ ಮಣ್ಣಿಗೆ ಬೆರಳಿಟ್ಟು ನೋಡೋನು, ಒಣಗಿದ್ರೆ ಒಂದು ಲೋಟ ನೀರು ಹಾಕೋನು, ತೇವ ಇದ್ರೆ ಸುಮ್ನೆ ಹೋಗೋನು. ಬೆಳಿಗ್ಗೆ ಗಿರಣಿಗೆ ಹೊರಡೋವಾಗ "ಕಪ್ಪಗಿದೀಯಾ, ಚೆಂದಾಗಿದೀಯಾ" ಅಂತ ಹೇಳಿ ಹೋಗೋನು. ಗಿಡ ಚೇತರಿಸ್ಕೊಂಡ್ತು. ಎಲೆ ಎಲ್ಲ ನೆಟ್ಟಗೆ ನಿಂತ್ವು.

ಒಂದು ಬೆಳಿಗ್ಗೆ ದೇವೀರಮ್ಮ ನೀರು ತುಂಬಿ ಒಳಗೆ ಬರ್ತಾಳೆ, ಕುಂಡದ ನಡುವಿಂದ ಒಂದು ಎಳೇ ಎಲೆ ಬಿಚ್ಕೊಂಡು ನಿಂತಿದೆ! ಬಿಂದಿಗೆ ಅಲ್ಲೇ ಬಿಟ್ಲು. ತಲೆ ಕೂಡ ಬಾಚಲಿಲ್ಲ.

"ಬಂತು ಕಣೋ, ಮಲ್ಲ, ಬಂತು! ಗಿಡ ನೋಡ್ಕೊಂಡಿರು, ಅಮ್ಮಣ್ಣೀನ ಕರ್ಕೊಂಡು ಬರ್ತೀನಿ!" ಅಂತ ಕೂಗಿ ಕೆರೆ ಏರಿ ಕಡೆ ಓಡಿದ್ಲು.

ಏನು ಬಂತು ಅಂತ ಹೇಳಿದ್ಲಾ? ಹೇಳಲಿಲ್ಲ. ಕೆಟ್ಟಿದ್ದೇ ಅಲ್ಲಿ. ಗುರುಮಲ್ಲ ಗಿಡ ನೋಡ್ಕೊಂಡು ಕೂತ. ನೋಡ್ದ, ನೋಡ್ದ. ನಡುವಲ್ಲೊಂದು ಎಲೆ. ಕಪ್ಪಿಲ್ಲ! ಬಿಳಿಚ್ಕೊಂಡು ತಿಳಿಹಸಿರಾಗಿದೆ!

"ಅಯ್ಯಯ್ಯೋ, ಕಾಯಿಲೆ! ಅವ್ವ ಡಾಕ್ಟರನ್ನೇ ಕರೆಯೋಕೆ ಹೋಗಿರಬೇಕು!"

ಚಟ್ ಅಂತ ಕಿತ್ತ. ಕಿಟಕಿಯಿಂದ ಬಿಸಾಕ್ದ. ಕೆಳಗೆ ಪಕ್ಕದ ಮನೆ ಮೇಕೆ ನಿಂತಿತ್ತು, ಒಂದೇ ತುತ್ತು!

ಅಮ್ಮಣ್ಣಿ ಬಂದ್ಲು. ಹಿಂದೆ ಚಿಕ್ಕಬಸಯ್ಯ, ಅವರ ಹಿಂದೆ ಏದುಸಿರು ಬಿಡ್ತಾ ದೇವೀರಮ್ಮ. ವಠಾರದೋರೆಲ್ಲ ಬಾಗಿಲಲ್ಲಿ ತುಂಬ್ಕೊಂಡ್ರು.

"ಎಲ್ಲಿ ಹೊಸ ಎಲೆ?" ಅಂದ್ಲು ಅಮ್ಮಣ್ಣಿ.

ಗುರುಮಲ್ಲ ನಗುನಗ್ತಾ ಹೇಳ್ದ, "ಮೇಕೆ ಹೊಟ್ಟೇಲಿ!"

ದೇವೀರಮ್ಮ ನಿಂತಲ್ಲೇ ಕುಸಿದ್ಲು. ಚಿಕ್ಕಬಸಯ್ಯ ಗಂಟಲು ಸವರ್ಕೊಂಡು, "ನಡಿ ಮಗಾ, ಈ ಮನೆ ಸಾಕು ನಮಗೆ" ಅಂದ್ರು.

ಅಮ್ಮಣ್ಣಿ ಕದಲಲಿಲ್ಲ. ಗಿಡಾನ ತಿರುಗಿಸಿ ತಿರುಗಿಸಿ ನೋಡಿದ್ಲು. ಎಲೆ ಮೇಲೆ ಧೂಳಿಲ್ಲ, ಮಣ್ಣು ಹದವಾಗಿದೆ.

"ಯಾಕೆ ಕಿತ್ತಿರಿ ಅದನ್ನ?"

"ಅದಕ್ಕೆ ಕಾಯಿಲೆ ಬಂದಿತ್ತು ಕಣ್ರೀ! ಎಲ್ಲರೂ ಇಷ್ಟು ಕಪ್ಪಗೆ, ಇಷ್ಟು ಚೆಂದಾಗಿದಾರೆ, ಅದೊಂದು ಮಾತ್ರ ಬಿಳಿಚ್ಕೊಂಡಿತ್ತು ಪಾಪ. ಕಪ್ಪಗಿದ್ರೇನೇ ಅಲ್ವಾ ಆರೋಗ್ಯ? ನಿಮ್ಮನ್ನೇ ನೋಡಿ, ಎಷ್ಟು ಆರೋಗ್ಯವಾಗಿದೀರ! ಒಂದು ಚೂರಾದ್ರೂ ಬಣ್ಣ ಬಿಟ್ಟಿದೀರಾ? ಕಪ್ಪಂದ್ರೆ ಕಪ್ಪು!"

ವಠಾರ ಉಸಿರು ಹಿಡೀತು. ಅಯ್ಯೋ, ಹುಡುಗಿ ಮುಖದ ಮೇಲೇ ಅಂದುಬಿಟ್ಟನಲ್ಲ! ಚಿಕ್ಕಬಸಯ್ಯ ಕೈ ಎತ್ತಿದ್ರು. ಆದ್ರೆ ಅಮ್ಮಣ್ಣಿ ಅವನ ಮುಖಾನೇ ನೋಡ್ತಾ ನಿಂತಿದ್ಲು. ಆ ಮಾತು ಅವಳು ಹುಟ್ಟಿದಾಗಿಂದ ಕೇಳಿದ್ಲು, ಉಪ್ಪಿಟ್ಟು ತಿಂದೋರೆಲ್ಲ ಹೇಳಿ ಹೋಗಿದ್ರು. ಆದ್ರೆ ಹಿಂಗೆ, ಕಣ್ಣರಳಿಸ್ಕೊಂಡು, ಹೊಟ್ಟೆಕಿಚ್ಚು ಬರೋ ಅಷ್ಟು ಒಳ್ಳೇ ಸುದ್ದಿ ಅನ್ನೋ ಹಂಗೆ ಯಾರೂ ಹೇಳಿರಲಿಲ್ಲ. ಅವಳಿಗೆ ನಗು ಬಂತು. ನಗ್ತಾ ನಗ್ತಾ ಕಣ್ಣಲ್ಲಿ ನೀರು ಬಂತು.

"ಮಾವ, ಹೊಸ ಎಲೆ ಬಿಟ್ಟರೆ ಅಂತ ತಾನೆ ನಾನು ಹೇಳಿದ್ದು? ಬಿಟ್ಟಿತ್ತು. ಮೇಕೆ ತಿನ್ನಬಾರದು ಅಂತ ನಾನು ಹೇಳಿರಲಿಲ್ಲ. ಮದುವೆ ದಿನ ನೋಡಿ" ಅಂದ್ಲು. ಆಮೇಲೆ ಗುರುಮಲ್ಲನ ಕಡೆ ತಿರುಗಿ, "ಈ ಗಿಡದ ಎಲೆ ಹುಟ್ಟೋವಾಗ ಹಸಿರಾಗೇ ಇರುತ್ತೆ ಕಣ್ರೀ, ಬೆಳೀತಾ ಬೆಳೀತಾ ಕಪ್ಪಾಗುತ್ತೆ" ಅಂದ್ಲು.

"ಹೌದಾ! ಬೆಳೀತಾ ಬೆಳೀತಾ ಚೆಂದಾಗುತ್ತಾ! ಛೆ, ಅವಸರ ಮಾಡಿಬಿಟ್ಟೆ!"

ದೇವೀರಮ್ಮಂಗೆ ಹೋದ ಜೀವ ಬಂತು. ಜೀವ ಬಂದ ಕೂಡ್ಲೆ ಬೈಗುಳವೂ ಬಂತು.

"ಹಂಗಲ್ಲ ಕಣೋ ಮಂಕೆ! ಬಿಳಿಚ್ಕೊಂಡಿದೆ ಅಂತ ಕಂಡ ಕಂಡಿದ್ದನ್ನ ಕೀಳ್ತಾರಾ? ಮೊದ್ಲು ಒದ್ದೆ ಬಟ್ಟೆ ತಗೊಂಡು ಮೆತ್ತಗೆ ಒರೆಸಿ ನೋಡ್ಬೇಕು! ಧೂಳಿರಬೌದು, ಬೂಷ್ಟಿರಬೌದು. ಒರೆಸಿದ್ರೆ ಒಳಗಿರೋ ಬಣ್ಣ ತಾನೇ ಬರುತ್ತೆ!"

"ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮದುವೆ ಬಂತು. ಚಪ್ಪರ ಹಾಕಿದ್ರು, ಓಲಗದೋರು ಬಂದ್ರು, ಫೋಟೋ ತೆಗೆಯೋನು ಬಂದ. ಚಿಕ್ಕಬಸಯ್ಯಂಗೆ ಒಂದೇ ಚಿಂತೆ. ಫೋಟೋದಲ್ಲಿ ಹುಡುಗಿ ಕಪ್ಪಗೆ ಬಿದ್ರೆ ನೆಂಟರು ಏನಂದಾರು? ಪಟ್ಟಣದಿಂದ ಮೇಕಪ್ಪು ಮಾಡೋಳನ್ನ ಕರೆಸಿದ್ರು.

"ಬೇಡ ಮಾವ" ಅಂದ್ಲು ಅಮ್ಮಣ್ಣಿ.

"ಸುಮ್ನಿರು, ಒಂದು ದಿನ ತಾನೆ!"

ಬಳಿದ್ಲು ಆ ಪುಣ್ಯಾತ್‌ಗಿತ್ತಿ. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದಂಗೆ ಬಳಿದ್ಲು. ಉಳಿದ ಪೌಡರನ್ನ ಚಿಕ್ಕಬಸಯ್ಯನೂ ಮುಖಕ್ಕೆ ಮೆತ್ಕೊಂಡ್ರು. ಅಮ್ಮಣ್ಣಿ ಕನ್ನಡಿ ನೋಡಿದ್ಲು. ಯಾರೋ ಬೇರೆಯೋಳು ಕೂತಿದ್ಲು ಅಲ್ಲಿ. ಅಳು ಬಂತು, ಅತ್ತರೆ ಪೌಡರು ಬಿರಿಯುತ್ತೆ ಅಂತ ಗದರಿದ್ರು. ನುಂಗ್ಕೊಂಡು ಹಸೆಮಣೆ ಮೇಲೆ ಬಂದು ನಿಂತ್ಲು.

ನಡುವೆ ತೆರೆ ಹಿಡಿದ್ರು. ಈ ಕಡೆ ಗುರುಮಲ್ಲ, ಆ ಕಡೆ ಅಮ್ಮಣ್ಣಿ. ಇಬ್ಬರ ಕೈಲೂ ಜೀರಿಗೆ ಬೆಲ್ಲ. ಅಯ್ಯನೋರು ಮಂತ್ರ ಹೇಳಿದ್ರು, ತೆರೆ ಸರಿಸಿದ್ರು.

ಗುರುಮಲ್ಲ ನೋಡ್ದ. ಕೈಲಿದ್ದ ಜೀರಿಗೆ ಬೆಲ್ಲ ಕೆಳಗೆ ಬಿತ್ತು.

"ಅವ್ವಾ! ಬಿಳಿಚ್ಕೊಂಡುಬಿಟ್ಟಿದೆ!"

"ಬಾಯಿ ಮುಚ್ಕೊಳ್ಳೋ!" ಅಂತ ದೇವೀರಮ್ಮ ಜನರ ಮಧ್ಯದಿಂದ ಕೂಗಿದ್ಲು. ಬಾಯಿ ಮುಚ್ಚಿದ. ಕೈ ಮುಚ್ಚು ಅಂತ ಅವಳು ಹೇಳಲಿಲ್ಲವಲ್ಲ! ಹೆಗಲ ಮೇಲಿನ ಹೊಸಾ ಶಲ್ಯ ತೆಗೆದು ಕಳಸದ ನೀರಿಗೆ ಅದ್ದಿದ, ಹಿಂಡಿದ, ಮದುಮಗಳ ಕೆನ್ನೆ ಮೆತ್ತಗೆ ಒರೆಸೋಕೆ ಶುರು ಮಾಡ್ದ!

ಓಲಗ ನಿಂತ್ಹೋಯ್ತು. ಅಯ್ಯನೋರ ಮಂತ್ರ ಬಾಯಲ್ಲೇ ಉಳೀತು. ಗುರುಮಲ್ಲ ಒಂದು ಕೆನ್ನೆ ಒರೆಸಿದ, ಹಣೆ ಒರೆಸಿದ, ಇನ್ನೊಂದು ಕೆನ್ನೆ ಒರೆಸಿದ. ಶಲ್ಯ ಎಲ್ಲ ಸುಣ್ಣದ ನೀರಾಯ್ತು. ಒಳಗಿಂದ ಅಮ್ಮಣ್ಣಿ ಮುಖ ಈಚೆಗೆ ಬಂತು, ಮಿರಮಿರ ಅಂತ.

ಬಾಯಿ ಮುಚ್ಚಿದ್ದು ಮರೆತು ಅವನು ಚಪ್ಪರಕ್ಕೆಲ್ಲ ಕೇಳೋ ಹಂಗೆ ಕೂಗಿದ, "ಹೆದರಬೇಡಿ! ಬರೀ ಬೂಷ್ಟು! ಒಳಗೆ ಚೆನ್ನಾಗೇ ಇದಾರೆ!"

ಅಮ್ಮಣ್ಣಿ ಬೆಳಿಗ್ಗೆಯಿಂದ ನುಂಗಿಟ್ಟಿದ್ದ ಅಳು ನಗುವಾಗಿ ಬಂತು. ಕತ್ತು ಓರೆ ಮಾಡಿ, "ಕಿವಿ ಹಿಂದೆ ಇನ್ನೂ ಉಳಿದಿದೆ, ಅಲ್ಲೂ ಒರೆಸಿ" ಅಂದ್ಲು.

ಚಿಕ್ಕಬಸಯ್ಯ ಹಲ್ಲು ಕಡೀತಾ ಮುಂದೆ ಬಂದ್ರು. "ಏಯ್, ನಿಲ್ಸೋ! ನನ್ನ ಮಾನ ತೆಗೀತೀಯಾ!"

ಅಮ್ಮಣ್ಣಿ ಅವರ ಮುಖ ನೋಡಿದ್ಲು, ಗಂಡನ ಮುಖ ನೋಡಿದ್ಲು.

"ಅಯ್ಯೋ, ನಮ್ಮ ಮಾವಂಗೂ ಬೂಷ್ಟು ಹಿಡಿದಿದೆ ನೋಡಿ!"

ಅಷ್ಟು ಸಾಕಿತ್ತು. ಚಿಕ್ಕಬಸಯ್ಯ ಮುಂದೆ, ಒದ್ದೆ ಶಲ್ಯ ಹಿಡ್ಕೊಂಡು ಗುರುಮಲ್ಲ ಹಿಂದೆ. ಚಪ್ಪರ ಸುತ್ತ ಓಟ! "ನಿಂತ್ಕೊಳ್ಳಿ ಮಾವ, ಕೀಳಲ್ಲ, ಬರೀ ಒರೆಸ್ತೀನಿ!" ಮುಹೂರ್ತವೇ ಬಂತೇನೋ ಅಂತ ಓಲಗದೋರು ಗಟ್ಟಿಮೇಳ ಊದಿಬಿಟ್ರು. ಜನ ಯಾರ ತಲೆ ಮೇಲೆ ಹಾಕೋದು ಅಂತ ತಿಳೀದೆ ಓಡೋ ಚಿಕ್ಕಬಸಯ್ಯನ ತಲೆ ಮೇಲೇ ಅಕ್ಷತೆ ಹಾಕಿದ್ರು. ಅಯ್ಯನೋರು ತಾಳಿ ಕೈಲಿಟ್ಕೊಂಡು "ಇತ್ಲಾಗೆ ಬಾರಪ್ಪಾ, ಹೆಣ್ಣು ಇಲ್ಲಿದೆ" ಅಂತ ಬಡ್ಕೊಂಡ್ರು. ಬಯ್ಯೋಕೆ ಅಂತ ಎದ್ದ ದೇವೀರಮ್ಮ ಹಸೆ ಮೇಲೆ ಬಿದ್ದು ಬಿದ್ದು ನಗ್ತಿದ್ದ ಸೊಸೇನ ನೋಡಿದ್ಲು. ನೋಡಿ, ಬೆಂಚು ಹತ್ತಿ ನಿಂತು, "ಕಿವಿ ಹಿಂದೆ ಬಿಡಬೇಡ ಕಣೋ ಮಗನೇ!" ಅಂತ ಕೂಗಿದ್ಲು.

ಮಾವನ ಮುಖ ಪೂರ್ತಿ ಒರೆಸಿ ಆದ ಮೇಲೇನೇ ತಾಳಿ ಕಟ್ಟಿದ್ದು. ಸರಿಯಾದ ಕತ್ತಿಗೇ ಕಟ್ಟಿದ, ಅನುಮಾನ ಪಡಬೇಡಿ. ಅಯ್ಯನೋರು ಕತ್ತು ತೋರಿಸಿ ತೋರಿಸಿ ಹೇಳಿದ್ರು.

ಆಮೇಲೆ ಗಂಡು ಹೆಣ್ಣು ಇಬ್ಬರನ್ನೂ ಪಕ್ಕಪಕ್ಕ ಕೂರಿಸಿದ್ರು. ಫೋಟೋದವನು ಒಂದು ಕಣ್ಣು ಮುಚ್ಚಿ, "ಮದುಮಗ, ಕ್ಯಾಮೆರಾ ನೋಡಿ" ಅಂದ.

ಗುರುಮಲ್ಲ ಎದ್ದ. ಹಸೆಯಿಂದ ಇಳಿದ. ಫೋಟೋದವನ ಪಕ್ಕಕ್ಕೆ ಹೋಗಿ, ಸೊಂಟದ ಮೇಲೆ ಕೈ ಇಟ್ಕೊಂಡು, ಬಗ್ಗಿ ಕ್ಯಾಮೆರಾನ ಚೆನ್ನಾಗಿ ನೋಡ್ದ. "ಒಳ್ಳೇ ಕ್ಯಾಮೆರಾ" ಅಂದ. ಅದೇ ಹೊತ್ತಿಗೆ ಫೋಟೋದವನು ಕ್ಲಿಕ್ ಅನ್ನಿಸಿಬಿಟ್ಟ.

ಆ ಫೋಟೋ ಈಗ್ಲೂ ಅವರ ನಡುಮನೆ ಗೋಡೆ ಮೇಲಿದೆ. ಮದುವೆ ಫೋಟೋ, ಆದ್ರೆ ಗಂಡಿಲ್ಲ. ಅಮ್ಮಣ್ಣಿ ಒಬ್ಬಳೇ ಕೂತಿದಾಳೆ, ಇದ್ದ ಹಂಗೇ ಕಪ್ಪಗೆ, ಪಕ್ಕಕ್ಕೆಲ್ಲೋ ನೋಡ್ಕೊಂಡು, ಹೊಟ್ಟೆ ಹಿಡ್ಕೊಂಡು ನಗ್ತಾ ಇದಾಳೆ.